ವೋಲ್ಟೇಜ್ ಇಳಿದರೆ ಮೋಟಾರು ಸುಡುವುದೇಕೆ?



ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆಯ ಹೊಲಗಳಲ್ಲಿ ಕೊಳವೆಬಾವಿ ನಂಬಿದ ರೈತರಿಂದ ‘ಲೋ ವೋಲ್ಟೇಜು, ಮೋಟಾರು ಸುಟ್ಟುಹೋಯಿತು’ ಎಂಬ ಮಾತನ್ನು ನೀವು ಕೇಳಿರಬಹುದು. ರಿವೈಂಡಿಂಗ್‌ಗೆ ಸಾವಿರಾರು ರೂಪಾಯಿ ಬೇಕು. ಅಷ್ಟರಲ್ಲಿ ಬೆಳೆ ಬಾಡುತ್ತದೆ. ಆದರೆ ವೋಲ್ಟೇಜ್ ಹೆಚ್ಚಾದಾಗ ಸುಡುವುದು ಸರಿ, ಕಡಿಮೆಯಾದಾಗಲೂ ಸುಡುವುದೇಕೆ? ಎರಡು ಸರಳ ಸೂತ್ರಗಳಿಂದ ಇದನ್ನು ತಿಳಿಯಬಹುದು.

ನೀರಿನ ಟ್ಯಾಂಕನ್ನು ನೆನೆಯಿರಿ. ಟ್ಯಾಂಕಿನ ಎತ್ತರದಂತೆ ವೋಲ್ಟೇಜ್. ಕೊಳವೆಯಲ್ಲಿ ಹರಿಯುವ ನೀರಿನಂತೆ ವಿದ್ಯುತ್ ಪ್ರವಾಹ. ಕೊಳವೆಯ ಇಕ್ಕಟ್ಟಿನಂತೆ ರೋಧ. ಇವುಗಳ ಸಂಬಂಧವನ್ನು 1827ರಲ್ಲಿ ಪ್ರಕಟಿಸಿದವನು ಜರ್ಮನಿಯ ಜಾರ್ಜ್ ಸೈಮನ್ ಓಮ್.

ರೋಧ (ಓಮ್) = ವೋಲ್ಟ್ ÷ ಆಂಪಿಯರ್
ಸಾಮರ್ಥ್ಯ (ವಾಟ್) = ವೋಲ್ಟ್ × ಆಂಪಿಯರ್

ಒಂದು ಇಸ್ತ್ರಿ ಪೆಟ್ಟಿಗೆ 230 ವೋಲ್ಟಿನಲ್ಲಿ 4 ಆಂಪಿಯರ್ ಪ್ರವಾಹ ಎಳೆಯುತ್ತದೆ ಎನ್ನೋಣ. ಅದರ ರೋಧ 230 ÷ 4 = 57.5 ಓಮ್. ಸಾಮರ್ಥ್ಯ 230 × 4 = 920 ವಾಟ್. ಒಂದು ಗಂಟೆ ಎಡೆಬಿಡದೆ ಕಾಯಿಸಿದರೆ ಮೀಟರಿನಲ್ಲಿ 0.92 ಯೂನಿಟ್ ಏರುತ್ತದೆ.

ಈಗ ವೋಲ್ಟೇಜ್ ಐದರಲ್ಲೊಂದು ಪಾಲು ಇಳಿದು 184 ಆಯಿತು. ಪೆಟ್ಟಿಗೆಯ ರೋಧ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಪ್ರವಾಹ 184 ÷ 57.5 = 3.2 ಆಂಪಿಯರ್, ಸಾಮರ್ಥ್ಯ ಸುಮಾರು 589 ವಾಟ್ ಮಾತ್ರ. ವೋಲ್ಟೇಜ್ ಇಳಿದದ್ದು ನೂರಕ್ಕೆ 20, ಸಾಮರ್ಥ್ಯ ಇಳಿದದ್ದು ನೂರಕ್ಕೆ 36! ಪೆಟ್ಟಿಗೆ ಸರಿಯಾಗಿ ಕಾಯದು, ಆದರೆ ಸುಡುವುದಿಲ್ಲ.

ಮೋಟಾರಿನ ಸ್ವಭಾವ ಬೇರೆ. ತಿರುಗುವಾಗ ಅದರ ಸುರುಳಿಗಳಲ್ಲಿ ಎದುರು ವೋಲ್ಟೇಜ್ ಹುಟ್ಟಿ ಪ್ರವಾಹವನ್ನು ತಡೆಯುತ್ತದೆ. ಆದ್ದರಿಂದ ಅದನ್ನು ಬರೀ ರೋಧವೆಂದು ಲೆಕ್ಕ ಹಾಕುವಂತಿಲ್ಲ. ಆಳದಿಂದ ನೀರೆತ್ತುವ ಕೆಲಸವಂತೂ ಕಡಿಮೆಯಾಗಿಲ್ಲ. ವೋಲ್ಟೇಜ್ 400ರಿಂದ 320ಕ್ಕೆ ಇಳಿದರೆ ಅದೇ ಕೆಲಸಕ್ಕೆ ಮೋಟಾರು ಸುಮಾರು 1.25 ಪಟ್ಟು ಪ್ರವಾಹ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. 1.25ರ ವರ್ಗ ಸುಮಾರು 1.56. ಅಂದರೆ ಸುರುಳಿಯ ಶಾಖ ಒಂದೂವರೆ ಪಟ್ಟಿಗೂ ಹೆಚ್ಚು. ಹೀಗೇ ಓಡಿದರೆ ಸುರುಳಿಯ ಅವಾಹಕ ಲೇಪ ಹಾಳಾಗಿ ಮೋಟಾರು ಸುಡುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಸರಿಯಾಗಿದ್ದರೆ ಅದಕ್ಕೆ ಮೊದಲೇ ಸಂಪರ್ಕ ಕಡಿಯುತ್ತದೆ. ರಿಲೇಯನ್ನು ತಪ್ಪಿಸಿ ನೇರ ತಂತಿ ಕೊಟ್ಟರೆ ಆ ರಕ್ಷಣೆ ಇಲ್ಲ.

ವೋಲ್ಟೇಜ್ ಇಳಿಯುವುದಾದರೂ ಏಕೆ? ಟ್ರಾನ್ಸ್‌ಫಾರ್ಮರಿನಿಂದ ಹೊಲದವರೆಗಿನ ತಂತಿಗೂ ರೋಧವಿದೆ. ಅದು 1 ಓಮ್ ಇದ್ದು 20 ಆಂಪಿಯರ್ ಹರಿದರೆ 20 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 400 ವಾಟ್ ಶಾಖವಾಗಿ ನಷ್ಟ. ಎಲ್ಲರೂ ಒಟ್ಟಿಗೆ ಪಂಪು ಹಾಕಿ ಪ್ರವಾಹ 40 ಆದರೆ ನಷ್ಟ ನಾಲ್ಕು ಪಟ್ಟು, 1600 ವಾಟ್.

ಈ ನಷ್ಟವನ್ನು ತಗ್ಗಿಸುವ ಉಪಾಯ ನಮ್ಮ ನಾಡಿಗೆ ಹಳೆಯದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕಳಿಸಿದಾಗ ವೋಲ್ಟೇಜನ್ನು ಸಾವಿರಗಟ್ಟಲೆ ಏರಿಸಿದ್ದರು. ವೋಲ್ಟೇಜ್ ಹತ್ತು ಪಟ್ಟಾದರೆ ಅದೇ ಸಾಮರ್ಥ್ಯಕ್ಕೆ ಪ್ರವಾಹ ಹತ್ತರಲ್ಲೊಂದು, ನಷ್ಟ ನೂರರಲ್ಲೊಂದು.

ನೀವೇ ಮಾಡಿ ನೋಡಿ: 230 ವೋಲ್ಟ್, 2000 ವಾಟ್ ಎಂದು ಬರೆದ ನೀರು ಕಾಯಿಸುವ ಹೀಟರಿನ ಪ್ರವಾಹ ಮತ್ತು ರೋಧ ಎಷ್ಟು? 200 ವೋಲ್ಟಿನಲ್ಲಿ ಅದರ ಸಾಮರ್ಥ್ಯ ಎಷ್ಟು? (ಉತ್ತರ: ಸುಮಾರು 8.7 ಆಂಪಿಯರ್, 26.45 ಓಮ್, 1512 ವಾಟ್.)

ಒಂದು ಎಚ್ಚರಿಕೆ: ಲೆಕ್ಕ ಕಾಗದದ ಮೇಲಿರಲಿ. ಪ್ರಯೋಗಕ್ಕೆ ಟಾರ್ಚ್ ಸೆಲ್ ಸಾಕು. ಮನೆಯ ಪ್ಲಗ್ಗಿಗೂ ಪಂಪಿನ ಸ್ಟಾರ್ಟರಿಗೂ ಕೈ ಹಾಕಬೇಡಿ.