ನೆರೆಯ ನೀರು, ಮೆದುಳಿನ ನೆನಪು

ಭಾವ ಉಕ್ಕಿದಾಗ ಮೆದುಳು ಎಲ್ಲವನ್ನೂ ಒಂದೇ ಸಮ ನೋಡುವುದಿಲ್ಲ, ಒಂದೇ ಸಮ ನೆನಪಿಡುವುದೂ ಇಲ್ಲ. ಇದಕ್ಕೆ ನೆರೆಯೇ ಉದಾಹರಣೆ. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ನಡಿಗಡ್ಡ ಸೀಮೆಯಲ್ಲಿದೆ ಇಟಿಕ್ಯಾಲ ಎಂಬ ಊರು. 2009ರ ಅಕ್ಟೋಬರ್ ಮೊದಲ ವಾರ ಈ ಎರಡೂ ನದಿಗಳು ಒಟ್ಟಿಗೆ ಉಕ್ಕಿ, ಆಲಂಪುರ, ಕರ್ನೂಲು, ರಾಯಚೂರು ಕಡೆಯ ಊರುಗಳಿಗೆ ನೀರು ನುಗ್ಗಿತು.

ಹೊಸ್ತಿಲಿಗೆ ನೀರು ಬಂದ ಗಳಿಗೆಯಲ್ಲಿ ಮೊದಲು ಎಚ್ಚರಗೊಳ್ಳುವುದು ಅಮಿಗ್ಡಲಾ, ಮೆದುಳಿನೊಳಗಿನ ಬಾದಾಮಿ ಆಕಾರದ ಪುಟ್ಟ ಗಂಟು. ಕಣ್ಣಿನ ಪಾಪೆ ಅಗಲವಾಗುತ್ತದೆ, ಗಮನ ಮಾತ್ರ ಕಿರಿದಾಗುತ್ತದೆ. ನೀರು ಮುಟ್ಟಿದ ಮೆಟ್ಟಿಲು ಸ್ಪಷ್ಟ. ಪಕ್ಕದಲ್ಲಿ ನಿಂತವರು ಉಟ್ಟ ಬಟ್ಟೆಯ ಬಣ್ಣ ಅಸ್ಪಷ್ಟ. ಅಮಿಗ್ಡಲಾದ ಸಂಕೇತ ಮೆದುಳಿನ ದೃಷ್ಟಿಯ ಭಾಗಗಳಿಗೂ ಹೋಗುತ್ತದೆ. ಕತ್ತಲಲ್ಲಿ ತೇಲಿಬಂದ ಹಗ್ಗ ಹಾವಾಗಿ ಕಾಣುವುದು ಪುಕ್ಕಲುತನವಲ್ಲ, ಜೀವ ಉಳಿಸುವ ಆತುರ.

ನೆನಪಿನ ಕೆಲಸ ಮೆದುಳಿನ ಇನ್ನೊಂದು ಭಾಗವಾದ ಹಿಪೊಕ್ಯಾಂಪಸ್‌ನದು. ಒತ್ತಡದ ಹಾರ್ಮೋನ್ ಅಡ್ರಿನಲಿನ್ ಏರಿದಾಗ ಅಮಿಗ್ಡಲಾ ಆ ಕೆಲಸಕ್ಕೆ ಒತ್ತು ಕೊಡುತ್ತದೆ. 1994ರಲ್ಲಿ ಸಂಶೋಧಕರಾದ ಕಾಹಿಲ್, ಮೆಕ್‌ಗಾ ಮತ್ತು ಸಂಗಡಿಗರು ಅಡ್ರಿನಲಿನ್ ಪ್ರಭಾವ ತಡೆಯುವ ಪ್ರೊಪ್ರನಲಾಲ್ ಮಾತ್ರೆಯನ್ನು ಕೆಲವರಿಗೆ ಕೊಟ್ಟು ಅಪಘಾತದ ಕಥೆ ಹೇಳಿದರು; ಆ ಕಥೆಯ ಮನಕಲಕುವ ಭಾಗ ಎಂದಿನಷ್ಟು ಗಟ್ಟಿಯಾಗಿ ನೆನಪಿನಲ್ಲಿ ಉಳಿಯಲಿಲ್ಲ.

ಗಟ್ಟಿ ನೆನಪೆಲ್ಲ ನಿಜವಲ್ಲ. 1986ರ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಸ್ಫೋಟದ ಮರುದಿನ ಅಮೆರಿಕದ ವಿದ್ಯಾರ್ಥಿಗಳು ಸುದ್ದಿ ತಿಳಿದ ಬಗೆಯನ್ನು ಬರೆದಿಟ್ಟರು. ಎರಡೂವರೆ ವರ್ಷದ ನಂತರ ಹಲವರು ಪೂರ್ತಿ ಬೇರೆಯದನ್ನೇ ಹೇಳಿದರು, ಅದೂ ಖಡಾಖಂಡಿತವಾಗಿ. ನೆರೆ ಕಂಡವರ ನೆನಪೂ ಹೀಗೆಯೇ: ನೀರು ಬಂದದ್ದು ಅಳಿಯದು, ಎಷ್ಟು ಗಂಟೆಗೆ ಬಂತೆಂಬುದು ಹೇಳುತ್ತ ಹೇಳುತ್ತ ಬದಲಾಗಬಹುದು.