ಕೆಚ್ಚಲು ಬಾವು: ರೋಗಾಣು ಕಳಿಸುವ ನಂಜಿನ ಪೊಟ್ಟಣ



ನಿನ್ನೆ ಸಂಜೆಯವರೆಗೆ ಚೆನ್ನಾಗಿ ಹಾಲು ಕೊಟ್ಟ ಹಸು ಇಂದು ಬೆಳಿಗ್ಗೆ ಕೆಚ್ಚಲು ಮುಟ್ಟಲು ಬಿಡುವುದಿಲ್ಲ. ಒಂದು ಮೊಲೆ ಗಟ್ಟಿಯಾಗಿ ಬಿಸಿಯಾಗಿರುತ್ತದೆ. ಹಿಂಡಿದರೆ ಹಾಲಿನ ಬದಲು ನೀರು, ಗಡ್ಡೆ, ಕೆಲವೊಮ್ಮೆ ರಕ್ತ ಬರುತ್ತದೆ. ಇದೇ ಕೆಚ್ಚಲು ಬಾವು. ಚಿಕಿತ್ಸೆ ತಡವಾದರೆ ಆ ಮೊಲೆ ಶಾಶ್ವತವಾಗಿ ಬತ್ತಿಹೋಗಬಹುದು. ಇಂಜೆಕ್ಷನ್ ಕೊಡಿಸಿದರೂ ಕೆಲವು ರಾಸುಗಳಲ್ಲಿ ರೋಗ ಮತ್ತೆ ಮತ್ತೆ ಮರುಕಳಿಸುವುದೇಕೆ ಎಂದು ಅನೇಕ ಸದಸ್ಯರು ಕೇಳುತ್ತಾರೆ. ಇದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ಇತ್ತೀಚೆಗೆ ತಿಳಿದುಬಂದ ಒಂದನ್ನು ಇಲ್ಲಿ ವಿವರಿಸಲಾಗಿದೆ.

ರೋಗಾಣುವಿನ ಗುಳ್ಳೆಗಳು

ಕೆಚ್ಚಲು ಬಾವು ತರುವ ಬ್ಯಾಕ್ಟೀರಿಯಾಗಳಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಮುಖ್ಯವಾದುದು. ಇದರ ಗಾತ್ರ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗದಷ್ಟು. ಇದು ತನ್ನ ಮೈಯ ಪೊರೆಯಿಂದ ತನಗಿಂತ ಎಷ್ಟೋ ಪಾಲು ಚಿಕ್ಕದಾದ ಗುಳ್ಳೆಗಳನ್ನು ಹೊರಬಿಡುತ್ತದೆ. ಸೋಪಿನ ನೊರೆಯಿಂದ ಗುಳ್ಳೆ ಬಿಡಿಸಿಕೊಂಡು ಹೋಗುವಂತೆ ಪೊರೆ ಉಬ್ಬಿ, ತುಂಡಾಗಿ ಬೇರೆಯಾಗುತ್ತದೆ. ಈ ಬ್ಯಾಕ್ಟೀರಿಯಾದ ಹೊರಗೋಡೆ ದಪ್ಪ. ಆದ್ದರಿಂದ ಅದು ಗುಳ್ಳೆ ಬಿಡಲಾರದೆಂದು ಬಹುಕಾಲ ನಂಬಲಾಗಿತ್ತು. ಬಿಡುತ್ತದೆ ಎಂಬುದು 2009ರಲ್ಲಿ ಖಚಿತವಾಯಿತು. ಗೋಡೆಯನ್ನು ಅಲ್ಲಲ್ಲಿ ಸಡಿಲಿಸುವ ಕಿಣ್ವಗಳು ಇದಕ್ಕೆ ನೆರವಾಗುತ್ತವೆ.

ಈ ಗುಳ್ಳೆಗಳು ಬರಿದಾಗಿರುವುದಿಲ್ಲ. ಅವುಗಳಲ್ಲಿ ನಂಜಿನ ಪದಾರ್ಥಗಳೂ ಕಿಣ್ವಗಳೂ ತುಂಬಿರುತ್ತವೆ. ಬಿಡಿಯಾಗಿ ಚೆಲ್ಲಿದ ನಂಜು ಬೇಗ ಚದುರಿಹೋಗುತ್ತದೆ. ಪೊಟ್ಟಣ ಕಟ್ಟಿ ಕಳಿಸಿದ್ದು ಹಾಳಾಗದೆ ಗುರಿ ಮುಟ್ಟುತ್ತದೆ. ಹಸುವಿನ ಕೆಚ್ಚಲು ಬಾವಿನಿಂದ ಬೇರ್ಪಡಿಸಿದ ಒಂದು ಸ್ಟ್ಯಾಫಿಲೋಕಾಕಸ್ ತಳಿಯ ಗುಳ್ಳೆಗಳನ್ನು ಮಾತ್ರ, ಜೀವಂತ ರೋಗಾಣುವಿಲ್ಲದೆ, ಇಲಿಗಳ ಹಾಲಿನ ಗ್ರಂಥಿಗೆ ಸೇರಿಸಿ ನೋಡಲಾಯಿತು. ಅಷ್ಟಕ್ಕೇ ಗ್ರಂಥಿಯಲ್ಲಿ ಉರಿಯೂತ ಕಾಣಿಸಿಕೊಂಡಿತೆಂದು 2018ರಲ್ಲಿ ಪ್ರಕಟವಾಯಿತು.

ಸಗಣಿ, ಗಂಜಲದಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಕೂಡ ಇಂಥ ಗುಳ್ಳೆಗಳನ್ನು ಬಿಡುತ್ತದೆ. ಅದರ ಹೊರಪೊರೆಯಲ್ಲೇ ವಿಷವಿದೆ. ಗುಳ್ಳೆಯ ಜೊತೆಗೆ ಆ ವಿಷವೂ ಹೊರಬರುತ್ತದೆ. ಇ. ಕೋಲಿ ಬಾವಿನಲ್ಲಿ ಹಸುವಿಗೆ ಇದ್ದಕ್ಕಿದ್ದಂತೆ ಜ್ವರ ಬಂದು, ಮೇವು ಬಿಟ್ಟು ಮಲಗಿಬಿಡುವುದು ಈ ವಿಷದ ಪರಿಣಾಮ.

ಔಷಧಿಗೆ ಅಡ್ಡಗಾಲು

ಕೆಲವು ಸ್ಟ್ಯಾಫಿಲೋಕಾಕಸ್ ತಳಿಗಳ ಗುಳ್ಳೆಯಲ್ಲಿ ಪೆನ್ಸಿಲಿನ್ ಜಾತಿಯ ಔಷಧಿಯನ್ನು ಒಡೆಯುವ ಕಿಣ್ವವಿರುತ್ತದೆ. ಇಂಥ ಗುಳ್ಳೆಗಳಿದ್ದ ಕಡೆ, ಔಷಧಿಗೆ ಸಾಯಬೇಕಾಗಿದ್ದ ಬೇರೆ ಬ್ಯಾಕ್ಟೀರಿಯಾಗಳೂ ಬದುಕಿ ಉಳಿದದ್ದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಅಂದರೆ ಒಂದು ರೋಗಾಣು ನೆರೆಯ ರೋಗಾಣುವಿಗೂ ಕೊಡೆ ಹಿಡಿಯುತ್ತದೆ. ಆದ್ದರಿಂದ ಅಂದಾಜಿನ ಮೇಲೆ ಅಂಗಡಿಯಿಂದ ಔಷಧಿ ತಂದು ಹಾಕುವುದು, ಎರಡು ದಿನಕ್ಕೆ ನಿಲ್ಲಿಸುವುದು ಹಣಕ್ಕೂ ರಾಸಿಗೂ ನಷ್ಟ.

ಶಿಲೀಂಧ್ರವೂ ಹಿಂದೆ ಬಿದ್ದಿಲ್ಲ

ಕ್ರಿಪ್ಟೊಕಾಕಸ್ ನಿಯೋಫಾರ್ಮನ್ಸ್ ಎಂಬ ಶಿಲೀಂಧ್ರ ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುತ್ತದೆ. ಇದು ಹಸುಗಳಿಗೂ ಕೆಚ್ಚಲು ಬಾವು ತರಬಲ್ಲದು. ಇದು ಗುಳ್ಳೆಗಳ ಮೂಲಕ ಅಂಟಿನಂಥ ಪದಾರ್ಥವನ್ನು ಹೊರಗೆ ಸಾಗಿಸುತ್ತದೆಂದು 2007ರಲ್ಲಿ ತಿಳಿಯಿತು. ಆ ಅಂಟನ್ನು ಹೊದ್ದ ಶಿಲೀಂಧ್ರವನ್ನು ರಕ್ತದ ಬಿಳಿಕಣಗಳು ಸುಲಭವಾಗಿ ನುಂಗಲಾರವು. ಬ್ಯಾಕ್ಟೀರಿಯಾದ ಔಷಧಿ ಶಿಲೀಂಧ್ರಕ್ಕೆ ನಾಟುವುದಿಲ್ಲ. ಮೊಲೆಯ ತುದಿ ಶುಚಿ ಮಾಡದೆ ಟ್ಯೂಬ್ ಏರಿಸಿದರೆ ಔಷಧಿಯ ಜೊತೆಗೆ ಶಿಲೀಂಧ್ರವನ್ನೂ ಒಳಗೆ ತಳ್ಳಿದಂತಾಗುತ್ತದೆ.

ತಾವು ಮಾಡಬೇಕಾದುದು

ಗುಳ್ಳೆ ಕಣ್ಣಿಗೆ ಕಾಣದು. ಆದರೆ ರೋಗಾಣು ಒಳಹೋಗುವ ಬಾಗಿಲು ಕಾಣುತ್ತದೆ. ಅದು ಮೊಲೆಯ ತುದಿಯ ರಂಧ್ರ.

1. ಕರೆಯುವ ಮುನ್ನ ಕೈ, ಕೆಚ್ಚಲು ತೊಳೆದು ಒಣಬಟ್ಟೆಯಿಂದ ಒರೆಸಿರಿ. ಒಂದೊಂದು ಹಸುವಿಗೂ ಬೇರೆ ಬಟ್ಟೆ ಇರಲಿ.

2. ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಕರೆದು ಗಡ್ಡೆ ಇದೆಯೇ ನೋಡಿರಿ. ನೆಲಕ್ಕೆ ಕರೆಯಬೇಡಿರಿ.

3. ಹೆಬ್ಬೆರಳು ಮಡಚಿ ಹಿಂಡದೆ, ಮುಷ್ಟಿಯಿಂದ ಪೂರ್ತಿ ಹಾಲು ಕರೆಯಿರಿ.

4. ಕರೆದ ಕೂಡಲೇ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿರಿ. ಆಗ ರಂಧ್ರ ಇನ್ನೂ ತೆರೆದಿರುವುದರಿಂದ, ಅರ್ಧ ಗಂಟೆ ಹಸು ಮಲಗದಂತೆ ಮೇವು ಹಾಕಿರಿ.

5. ರೋಗವಿರುವ ಹಸುವನ್ನು ಕೊನೆಯಲ್ಲಿ ಕರೆಯಿರಿ.

6. ಹಾಲು ಚೆನ್ನಾಗಿ ಕಂಡರೂ ಒಳಗೊಳಗೇ ಬಾವು ಇರಬಹುದು. ಇಳುವರಿ ಕುಗ್ಗಿದರೆ, ಹಾಲು ಉಪ್ಪಾದರೆ ಪಶುವೈದ್ಯರಿಂದ ನಾಲ್ಕೂ ಮೊಲೆಯ ಹಾಲಿಗೆ ಸಿ.ಎಂ.ಟಿ. ಪರೀಕ್ಷೆ ಮಾಡಿಸಿರಿ. ಬಾವಿದ್ದರೆ ಮಿಶ್ರಣ ಗಂಜಿಯಂತೆ ಗಟ್ಟಿಯಾಗುತ್ತದೆ.

7. ವೈದ್ಯರು ಹೇಳಿದಷ್ಟು ದಿನ ಪೂರ್ತಿ ಚಿಕಿತ್ಸೆ ಕೊಡಿಸಿರಿ. ಅವರು ಹೇಳಿದ ಅವಧಿ ಮುಗಿಯುವವರೆಗೆ ಆ ಹಾಲನ್ನು ಸಂಘಕ್ಕೆ ಹಾಕಬೇಡಿರಿ, ಮನೆಯಲ್ಲೂ ಬಳಸಬೇಡಿರಿ. ಕಾಯಿಸಿದರೆ ರೋಗಾಣು ಸಾಯುತ್ತದೆ, ಆದರೆ ಸ್ಟ್ಯಾಫಿಲೋಕಾಕಸ್ ಬಿಟ್ಟ ಕೆಲವು ನಂಜುಗಳು ಕುದಿಸಿದರೂ ಹೋಗುವುದಿಲ್ಲ.

ಒಂದು ಮೊಲೆ ಬತ್ತಿದರೆ ಆ ನಷ್ಟ ಹಸು ಇರುವವರೆಗೂ ತಮ್ಮ ಹಾಲಿನ ಬಟವಾಡೆಯಲ್ಲಿ ಕಾಣುತ್ತದೆ. ಅದನ್ನು ತಪ್ಪಿಸಲು ಬೇಕಾದುದು ದಿನಕ್ಕೆರಡು ಬಾರಿ ಐದು ನಿಮಿಷದ ಶುಚಿತ್ವ ಮಾತ್ರ.