ಡಿಸ್ಕ್ ಕೆಟ್ಟಿರಲಿಲ್ಲ, ಗುರುತು ಸಿಕ್ಕಿರಲಿಲ್ಲ!

ನಮ್ಮ ಗಣಕಯಂತ್ರಕ್ಕೆ ವಿಂಡೋಸನ್ನು ಮತ್ತೆ ಹಾಕಹೊರಟಾಗ ಡಿಸ್ಕೇ ಇಲ್ಲವೆಂಬ ಉತ್ತರ ಬಂತು. ಹಲವು ವರ್ಷಗಳ ಲೆಕ್ಕಪತ್ರ ಹೋಯಿತೆಂದೇ ನಾವು ಬೆದರಿದೆವು. ಡಿಸ್ಕುಗಳು ಸರಿಯಾಗಿಯೇ ಇದ್ದುವು; ಅವುಗಳನ್ನು ನಡೆಸುವ ಕಂಟ್ರೋಲರಿನ ಪರಿಚಯ ವಿಂಡೋಸಿಗಿರಲಿಲ್ಲ, ಅಷ್ಟೇ.

ಪಿಸಿಐ ಕಂಟ್ರೋಲರುಗಳಿಗೆಲ್ಲ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ, ವರ್ಗದ ಸಂಖ್ಯೆಗಳಿವೆ. ಇಂಟೆಲಿನದು 8086. 1978ರಲ್ಲಿ ಬಂದ ಅದರ ಪ್ರೊಸೆಸರಿನ ಹೆಸರೂ ಇದೇ ತಾನೆ! ವರ್ಗ 01 ಎಂದರೆ ಸಂಗ್ರಹಸಾಧನ, ಅದರೊಳಗೆ 04 ಎಂದರೆ ರೈಡ್, ಅಂದರೆ ಹಲವು ಡಿಸ್ಕುಗಳ ಕೂಟ, 06 ಸಾಟಾ. ಈ ಸಂಖ್ಯೆಗಳು ಡ್ರೈವರಿನ ಪಟ್ಟಿಗೆ ತಾಳೆಯಾಗಬೇಕು. ಬಯೋಸಿನಲ್ಲಿ ರೈಡ್ ಎಂದಿಟ್ಟರೆ ಅದೇ ಚಿಪ್ಪು ಬೇರೆ ಸಂಖ್ಯೆ ಹೇಳುವುದುಂಟು.

ತಯಾರಕರ ಡ್ರೈವರನ್ನು ಪೆನ್‌ಡ್ರೈವಿನಿಂದ ಒದಗಿಸಿದೊಡನೆ ಡಿಸ್ಕ್ ಪ್ರತ್ಯಕ್ಷ! ಗಾಬರಿಯಲ್ಲಿ ರೈಡ್ ಕೂಟವನ್ನೇ ಅಳಿಸಿ ಹೊಸದಾಗಿ ಕಟ್ಟಲು ನಾವು ಆಗಲೇ ಕೈ ಹಾಕಿದ್ದೆವು.